ಹಲಾಲ್‌ಖೋರರಿಗೆ ಧಣಿ ಯಾರು?

ನಮ್ಮೂರಿನ ಶಾಲೆಯೊಂದರ ಆಡಳಿತ ಸಮಿತಿಯಲ್ಲಿ ನಾವೂ ಇದ್ದೇವೆ. ಕೆಲವು ವರ್ಷಗಳ ಹಿಂದಿನ ಮಾತು. ಆ ದಿನದ ಸಭೆಯ ಕೊನೆಯ ವಿಷಯ, ಶಾಲೆಯ ಸ್ವಚ್ಛತೆಯ ಕೆಲಸವನ್ನು ಏಜೆನ್ಸಿಗೆ ವಹಿಸುವುದು. ಅಸರ್ ನಮಾಜಿಗೆ ಹೊತ್ತಾಗಿತ್ತು, ಎಲ್ಲರಿಗೂ ಏಳುವ ಅವಸರ. 'ಪಿ.ಎಫ್., ರಜೆ, ಜಗಳ ಯಾವುದೂ ನಮ್ಮ ತಲೆಗೆ ಬರುವುದಿಲ್ಲ. ತಿಂಗಳಿಗೊಂದು ಬಿಲ್ಲು ಬರುತ್ತದೆ, ಒಂದು ಚೆಕ್ಕು ಕೊಟ್ಟರಾಯಿತು' ಎಂದರು ಕಾರ್ಯದರ್ಶಿಗಳು. ಯಾರೂ ಎದುರಾಡಲಿಲ್ಲ. ಹತ್ತು ನಿಮಿಷದಲ್ಲಿ ಠರಾವು ಪಾಸಾಯಿತು. ನಾವೂ ಸಹಿ ಹಾಕಿದೆವು.

ಆ ಶಾಲೆಯಲ್ಲಿ ಮೂವರು ಹೆಂಗಸರು ಕಸ ಗುಡಿಸುತ್ತಿದ್ದರು. ಅವರಲ್ಲಿ ಹಿರಿಯಳದು 18 ವರ್ಷಗಳ ದುಡಿಮೆ. 'ಸ್ವಂತ ಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ' ಎಂದು ಬರೆದ ಕಾಗದದ ಮೇಲೆ ಮೂವರ ಹೆಬ್ಬೆಟ್ಟೂ ಬಿತ್ತು. ಮಾರನೆಯ ತಿಂಗಳು ಅದೇ ಮೂವರು, ಅದೇ ಪೊರಕೆ, ಅದೇ ಅಂಗಳ. ಬದಲಾದದ್ದು ಎರಡೇ: ಮೈಮೇಲೆ ಏಜೆನ್ಸಿಯ ನೀಲಿ ಕೋಟು, ಕೈಗೆ ಬರುವ ಸಂಬಳದಲ್ಲಿ ಕಡಿತ. ಒಂದು ದಿನ ಆ ಹಿರಿಯಳು ಗೇಟಿನ ಬಳಿ ನಮ್ಮನ್ನು ತಡೆದು ಕೇಳಿದಳು: 'ಸಾಹೇಬ್ರೆ, ನಾಳೆ ನಂಗೇನಾದ್ರೂ ಆದ್ರೆ ಯಾರನ್ನ ಕೇಳ್ಬೇಕು? ನಮ್ಗೀಗ ಧಣಿ ಯಾರು?'

ಆಗ ನಮ್ಮಲ್ಲಿ ಉತ್ತರವಿರಲಿಲ್ಲ. ಆಮೇಲೆ ಇತಿಹಾಸದ ಪುಟಗಳನ್ನು ತಿರುವಿ ನೋಡಿದಾಗ ಈ ಪ್ರಶ್ನೆ ಆಕೆಯೊಬ್ಬಳದಲ್ಲ, ನಮ್ಮ ದೇಶದಲ್ಲಿ ನೂರೈವತ್ತು ವರ್ಷಗಳಿಂದ ಕೇಳಿಬರುತ್ತಿರುವ ಪ್ರಶ್ನೆ ಎಂಬುದು ತಿಳಿಯಿತು.

ಹೆಸರು ದೊಡ್ಡದು

ಕಸ ಗುಡಿಸುವವರಿಗೆ ಹೆಸರಿಡುವುದರಲ್ಲಿ ನಮ್ಮ ಸಮಾಜ ಯಾವತ್ತೂ ಜಿಪುಣತನ ತೋರಿಲ್ಲ. ನಮ್ಮ ಮನೆಯ ಉರ್ದುವಿನಲ್ಲಿ ಅವರು 'ಮೆಹ್ತರ್'. ಫಾರಸಿಯಲ್ಲಿ ಇದರ ಅರ್ಥ ಹಿರಿಯ, ನಾಯಕ. ಹಿಂದೂಕುಶ್ ಪರ್ವತಗಳ ನಡುವಿನ ಚಿತ್ರಾಲ್ ಸಂಸ್ಥಾನದ ಅರಸರ ಬಿರುದೂ ಮೆಹ್ತರ್ ಎಂದೇ ಇತ್ತು. ಇನ್ನೊಂದು ಹೆಸರು 'ಹಲಾಲ್‌ಖೋರ್', ಅಂದರೆ ನ್ಯಾಯವಾಗಿ ದುಡಿದು ಉಣ್ಣುವವನು. ಈ ಹೆಸರನ್ನು ಬಳಕೆಗೆ ತಂದವನು ಸಾಕ್ಷಾತ್ ಅಕ್ಬರ್ ಬಾದಶಹ ಎಂದು ಅಬುಲ್ ಫಜಲನ 'ಆಯಿನ್-ಎ-ಅಕ್ಬರಿ' ಹೇಳುತ್ತದೆ. ಹೊಲಸು ಎತ್ತುವವನ ಅನ್ನ ಹೊಲಸಲ್ಲ, ಅದು ಹಲಾಲ್ ಎಂಬ ಗೌರವದ ಭಾವ ಆ ಹೆಸರಿನಲ್ಲಿದೆ. ಆದರೆ ನಾಲ್ಕು ಶತಮಾನ ಕಳೆದರೂ ಹಲಾಲ್‌ಖೋರನ ಕೈಯಿಂದ ನೀರು ಕುಡಿಯಲು ಹಿಂಜರಿಯುವವರಿದ್ದಾರೆ. ಕನ್ನಡದ 'ತೋಟಿ', 'ಝಾಡಮಾಲಿ' ಎಂಬ ಪದಗಳು ಸರಕಾರಿ ಕಡತದಿಂದ ಹೊರಟುಹೋಗಿ 'ಪೌರಕಾರ್ಮಿಕ' ಎಂಬ ಘನವಾದ ಪದ ಬಂತು. ಬರಬೇಕಾದದ್ದೇ. ಆದರೆ ಹೆಸರು ಮಾತ್ರ ಹೊಟ್ಟೆ ತುಂಬಿಸುವುದಿಲ್ಲ.

ಇಲ್ಲಿ ನಮ್ಮ ಅಂಗಿಯ ಕೊಳೆಯನ್ನೂ ನೋಡಿಕೊಳ್ಳಬೇಕು. ಉತ್ತರ ಪ್ರದೇಶ, ಬಿಹಾರಗಳಲ್ಲಿ ಹಲಾಲ್‌ಖೋರ್ ಎಂಬುದು ಮುಸ್ಲಿಮರೊಳಗಿನ ಒಂದು ಬಿರಾದರಿಯ ಹೆಸರೂ ಹೌದು. ಮಸೀದಿಯಲ್ಲಿ ಒಂದೇ ಸಾಲಿನಲ್ಲಿ ನಿಲ್ಲುವ ನಾವು ಮದುವೆಯ ಮಾತು ಬಂದಾಗ ಅವರಿಂದ ದೂರ ನಿಲ್ಲುತ್ತೇವೆ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿ ಮುಸ್ಲಿಮರಿಗೆ ಜಾಗವಿಲ್ಲ. ಆ ಪಟ್ಟಿ 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ತೆರೆದುಕೊಂಡಿತು. ಹೀಗೆ ಮುಸ್ಲಿಂ ಹಲಾಲ್‌ಖೋರನಿಗೆ ಜಾತಿಯ ಕೆಲಸ ಸಿಕ್ಕಿತು, ಜಾತಿಯ ನೋವಿಗೆ ಸಿಗಬೇಕಾದ ಪರಿಹಾರ ಸಿಗಲಿಲ್ಲ.

ಹಕ್ಕಿನ ಮನೆಗಳು

ಹಿಂದೆ ಈ ಜನ ಯಾರ ನೌಕರರಾಗಿದ್ದರು? ಉತ್ತರ ಭಾರತದ ಊರುಗಳಲ್ಲಿ ಅವರು ಯಾರ ನೌಕರರೂ ಆಗಿರಲಿಲ್ಲ. ಇಂದಿನ ಮಾತಿನಲ್ಲಿ ಹೇಳುವುದಾದರೆ ಅದು ಒಂದು ಬಗೆಯ 'ಸ್ವಯಂ ಉದ್ಯೋಗ'. ಇಂತಿಂಥ ಓಣಿಯ ಇಂತಿಷ್ಟು ಮನೆಗಳು ಇಂಥ ಕುಟುಂಬದ್ದು ಎಂಬ ರೂಢಿಯ ಹಕ್ಕು ಇತ್ತು. ಆ ಮನೆಗಳ ಪಾಯಿಖಾನೆಯನ್ನು ಆ ಕುಟುಂಬದವರೇ ಶುಚಿ ಮಾಡಬೇಕು. ಬದಲಿಗೆ ರೊಟ್ಟಿ, ಹಳೆ ಬಟ್ಟೆ, ಹಬ್ಬದ ಇನಾಮು, ಒಂದಿಷ್ಟು ಕಾಸು. ಎತ್ತಿದ ಮಲವನ್ನು ರೈತರಿಗೆ ಗೊಬ್ಬರವಾಗಿ ಮಾರಿಕೊಳ್ಳುವುದೂ ಉಂಟು. ಈ ಹಕ್ಕು ತಂದೆಯಿಂದ ಮಗನಿಗೆ ಬರುತ್ತಿತ್ತು, ಕಷ್ಟಕಾಲದಲ್ಲಿ ಅಡವಿಡಲೂ ಬರುತ್ತಿತ್ತು. ಮನೆಯವರು ಅವಮಾನ ಮಾಡಿದರೆ ಆತ ಬರುವುದನ್ನು ನಿಲ್ಲಿಸಬಹುದಿತ್ತು. ಇನ್ನೊಬ್ಬನ ಹಕ್ಕಿನ ಮನೆಗೆ ಬೇರೆಯವನು ಕಾಲಿಡುತ್ತಿರಲಿಲ್ಲ.

ಇದನ್ನು ಸ್ವಾತಂತ್ರ್ಯವೆನ್ನಬಹುದೇ? ಒಂದು ಕಡೆಯಿಂದ ನೋಡಿದರೆ ಹೌದು, ಅವನ ಮೇಲೆ ಮೇಸ್ತ್ರಿಯಿಲ್ಲ, ಹಾಜರಿ ಪುಸ್ತಕವಿಲ್ಲ. ಇನ್ನೊಂದು ಕಡೆಯಿಂದ ನೋಡಿದರೆ ಅದು ಗೋಡೆಯೊಳಗಿನ ಸ್ವಾತಂತ್ರ್ಯ. ಆ ಕೆಲಸ ಬಿಟ್ಟು ಬೇರೆ ಕೆಲಸ ಮಾಡುವ ಹಕ್ಕು ಅವನಿಗಿರಲಿಲ್ಲ. ಕಾಯಿಲೆ ಬಿದ್ದರೆ, ಮುಪ್ಪಾದರೆ ಕೇಳುವವರಿರಲಿಲ್ಲ.

1857ರ ದಂಗೆಯ ನಂತರ ದಿಲ್ಲಿಯಂಥ ನಗರಗಳಲ್ಲಿ ಮುನಿಸಿಪಾಲಿಟಿಗಳು ಬಲಗೊಂಡಂತೆ ಈ ರೂಢಿಯ ಹಕ್ಕು ಅಧಿಕಾರಿಗಳ ಕಣ್ಣಿಗೆ ಚುಚ್ಚತೊಡಗಿತು. ನಗರದ ಆರೋಗ್ಯ ಅವರ ಒಂದು ಚಿಂತೆ, ಮಾರಾಟವಾಗುವ ಗೊಬ್ಬರದ ಆದಾಯ ಇನ್ನೊಂದು. 1911ರ ಪಂಜಾಬ್ ಮುನಿಸಿಪಲ್ ಕಾಯಿದೆಯಲ್ಲೂ 1916ರ ಸಂಯುಕ್ತ ಪ್ರಾಂತ್ಯದ ಮುನಿಸಿಪಾಲಿಟಿ ಕಾಯಿದೆಯಲ್ಲೂ 'ರೂಢಿಯ ಜಾಡಮಾಲಿ'ಗಳ ಕುರಿತೇ ಕಲಮುಗಳು ಬಂದವು. ಅವನು ಕೆಲಸದಲ್ಲಿ ಉದಾಸೀನ ಮಾಡಿದರೆ ಮ್ಯಾಜಿಸ್ಟ್ರೇಟರ ಮುಂದೆ ದೂರು ಕೊಡಬಹುದು, ದಂಡ ಹಾಕಿಸಬಹುದು. ಸಂಬಳ ಕೊಡುವ ಧಣಿಯಿಲ್ಲದಿದ್ದರೂ ಶಿಕ್ಷೆ ಕೊಡುವ ಧಣಿ ಹುಟ್ಟಿಕೊಂಡ. ಈ ರೂಢಿಯ ಹಕ್ಕು ಎಷ್ಟು ಗಟ್ಟಿಯಾಗಿ ಬೇರು ಬಿಟ್ಟಿತ್ತೆಂದರೆ, ಸ್ವಾತಂತ್ರ್ಯ ಬಂದು ಹದಿನೆಂಟು ವರ್ಷಗಳ ಮೇಲೆ, 1965ರಲ್ಲಿ, ಅದನ್ನು ಕೊನೆಗೊಳಿಸುವ ದಾರಿ ಹುಡುಕಲು ಭಾರತ ಸರಕಾರ ಪ್ರೊ. ಎನ್.ಆರ್. ಮಲ್ಕಾನಿಯವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಬೇಕಾಯಿತು.

ಮುನಿಸಿಪಾಲಿಟಿಯ ಸಂಬಳ

ದೊಡ್ಡ ನಗರಗಳಲ್ಲಿ ದಾರಿ ಬೇರೆಯಾಗಿತ್ತು. ಮುಂಬೈಯಲ್ಲಿ ಈ ಕೆಲಸವನ್ನು ಮುನಿಸಿಪಾಲಿಟಿಯೇ ಕೈಗೆತ್ತಿಕೊಂಡಿತು. 1888ರ ಮುಂಬೈ ಮುನಿಸಿಪಲ್ ಕಾಯಿದೆಯಲ್ಲಿ ಮನೆಮಾಲೀಕರು ಕಟ್ಟಬೇಕಾದ ತೆರಿಗೆಗಳಲ್ಲಿ ಒಂದರ ಹೆಸರೇ 'ಹಲಾಲ್‌ಖೋರ್ ತೆರಿಗೆ'. ಅಕ್ಬರನ ಕಾಲದ ಗೌರವದ ಮಾತು ಹೀಗೆ ಇಂಗ್ಲಿಷರ ತೆರಿಗೆ ಚೀಟಿಗೆ ಬಂದು ಕುಳಿತಿತು.

ನಮ್ಮ ಬೆಂಗಳೂರಿಗೆ 1898ರಲ್ಲಿ ಪ್ಲೇಗು ಬಂತು. ನೈರ್ಮಲ್ಯವೆಂಬುದು ನಗರದ ಜೀವನ್ಮರಣದ ಪ್ರಶ್ನೆಯೆಂದು ಆಗ ಎಲ್ಲರಿಗೂ ಮನದಟ್ಟಾಯಿತು. ಆ ಕಾಲದ ಆಸುಪಾಸಿನಲ್ಲಿ ಬೆಳೆದ ಬಸವನಗುಡಿ, ಮಲ್ಲೇಶ್ವರಗಳಂಥ ಬಡಾವಣೆಗಳಲ್ಲಿ ಮನೆಗಳ ಹಿಂಬದಿಗೆ ಕಿರಿದಾದ 'ಕನ್ಸರ್ವೆನ್ಸಿ ಗಲ್ಲಿ'ಗಳಿದ್ದವು. ಮಲ ಹೊರುವವರು ಮುಂಬಾಗಿಲಿಗೆ ಬರದೆ, ಯಾರ ಕಣ್ಣಿಗೂ ಬೀಳದೆ, ಹಿಂದಿನಿಂದಲೇ ಬಂದು ಹೋಗಲೆಂದು ಮಾಡಿದ ದಾರಿ ಅದು. ನಗರಕ್ಕೆ ಅವರ ಕೈ ಬೇಕಿತ್ತು, ಮುಖ ಬೇಡವಾಗಿತ್ತು.

ಮುನಿಸಿಪಾಲಿಟಿಯ ನೌಕರಿಯೂ ಹೂವಿನ ಹಾಸಿಗೆಯಲ್ಲ. ಬೇರೆ ನೌಕರ ಕೆಲಸಕ್ಕೆ ಬರದಿದ್ದರೆ ಸಂಬಳ ಹೋಗುತ್ತಿತ್ತು. ಜಾಡಮಾಲಿ ನೋಟೀಸಿಲ್ಲದೆ ಕೆಲಸ ನಿಲ್ಲಿಸಿದರೆ ಜೈಲಿಗೆ ಕಳಿಸುವ ಅವಕಾಶ ಹಲವು ಮುನಿಸಿಪಲ್ ಕಾಯಿದೆಗಳಲ್ಲಿತ್ತು. ತಾವೇ ಪಾಯಿಖಾನೆ ತೊಳೆದು ತೋರಿಸಿದ ಗಾಂಧೀಜಿ ಕೂಡ 1946ರಲ್ಲಿ 'ಹರಿಜನ' ಪತ್ರಿಕೆಯಲ್ಲಿ ಜಾಡಮಾಲಿಗಳು ಮುಷ್ಕರ ಹೂಡಬಾರದೆಂದು ಬರೆದರು. ಮುಷ್ಕರ ಹೂಡಬಾರದಷ್ಟು ಮುಖ್ಯವಾದ ಕೆಲಸ, ಆದರೆ ಕೊನೆಯ ದರ್ಜೆಯ ಸಂಬಳ!

ಇಷ್ಟಾದರೂ ಒಂದು ದೊಡ್ಡ ವ್ಯತ್ಯಾಸ ಬಂದಿತ್ತು. ಅವನ ಹೆಸರು ಒಂದು ಪುಸ್ತಕದಲ್ಲಿತ್ತು. ತಿಂಗಳ ಸಂಬಳಕ್ಕೆ, ಕ್ವಾರ್ಟರ್ಸಿಗೆ, ಪಿಂಚಣಿಗೆ ಅವನು ಒಂದು ಬಾಗಿಲು ತಟ್ಟಬಹುದಿತ್ತು. ಕಾಯಂ ನೌಕರಿ ಸಿಕ್ಕ ಮನೆಯ ಮಕ್ಕಳು ಶಾಲೆಗೆ ಹೋದದ್ದನ್ನು, ಅವರಲ್ಲಿ ಕೆಲವರು ಗುಮಾಸ್ತರು, ಶಿಕ್ಷಕರಾದದ್ದನ್ನು ನಾವು ನಮ್ಮೂರಿನಲ್ಲೇ ಕಂಡಿದ್ದೇವೆ. ಪೊರಕೆಯನ್ನು ಮಗನ ಕೈಗೆ ಕೊಡದಿರುವ ಧೈರ್ಯವನ್ನು ತಾಯಿಗೆ ಕೊಟ್ಟದ್ದು ಭಾಷಣಗಳಲ್ಲ, ತಿಂಗಳ ಕೊನೆಗೆ ತಪ್ಪದೆ ಬಂದ ಸಂಬಳ.

ಒಂದು ಒಳ್ಳೆಯ ದಶಕ

1970ರ ದಶಕದಲ್ಲಿ ಕಾಲಚಕ್ರ ಇವರ ಕಡೆಗೆ ತಿರುಗಿದಂತೆ ಕಂಡಿತು. 1970ರಲ್ಲಿ ಗುತ್ತಿಗೆ ಕಾರ್ಮಿಕರ ನಿಯಂತ್ರಣ ಮತ್ತು ನಿರ್ಮೂಲನ ಕಾಯಿದೆ ಬಂತು. ವರ್ಷವಿಡೀ ನಡೆಯುವ, ಸಂಸ್ಥೆಗೆ ಅಗತ್ಯವಾದ ಕೆಲಸಗಳಲ್ಲಿ ಗುತ್ತಿಗೆಯನ್ನು ನಿಷೇಧಿಸುವ ಅಧಿಕಾರ ಸರಕಾರಕ್ಕೆ ಸಿಕ್ಕಿತು. ದೇವರಾಜ ಅರಸರ ಸಂಪುಟದಲ್ಲಿ ಪೌರಾಡಳಿತ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ರಾಜ್ಯದಲ್ಲಿ ನಿಷೇಧಿಸಿದರು. ಬೂಸಾ ಪ್ರಕರಣದಿಂದ ಅವರ ಮಂತ್ರಿಗಿರಿ 1973ರಲ್ಲಿ ಹೋಯಿತು. ಸಾಹಿತ್ಯಲೋಕ ಅವರನ್ನು ನೆನೆಯುವುದು ಆ ಒಂದು ಮಾತಿಗಾಗಿ. ಆದರೆ ತಲೆಯಿಂದ ಮಲದ ಬುಟ್ಟಿ ಇಳಿಸಿದವರ ಮನೆಗಳಲ್ಲಿ ಅವರ ನೆನಪು ಬೇರೆಯೇ ಇದೆ. ಪೌರಕಾರ್ಮಿಕರ ಬದುಕನ್ನು ಅಧ್ಯಯನ ಮಾಡಿದ ಐ.ಪಿ.ಡಿ. ಸಾಲಪ್ಪ ಸಮಿತಿ 1976ರಲ್ಲಿ ವರದಿ ಕೊಟ್ಟಿತು. ಜನಸಂಖ್ಯೆಗೆ ತಕ್ಕಂತೆ ಎಷ್ಟು ಕಾರ್ಮಿಕರಿರಬೇಕು, ಅವರಿಗೆ ಮನೆ, ಆರೋಗ್ಯ, ಮಕ್ಕಳ ಶಿಕ್ಷಣ ಹೇಗಿರಬೇಕು ಎಂಬುದೆಲ್ಲ ಅದರಲ್ಲಿತ್ತು. ಇಂದಿಗೂ ಪೌರಕಾರ್ಮಿಕ ಸಂಘಟನೆಗಳು ಸಾಲಪ್ಪ ವರದಿಯ ಹೆಸರೆತ್ತುತ್ತವೆ.

ಅದೇ 1976ರ ಡಿಸೆಂಬರ್ 9ರಂದು ಕೇಂದ್ರ ಸರಕಾರ ಒಂದು ಅಧಿಸೂಚನೆ ಹೊರಡಿಸಿತು. ತನ್ನ ವ್ಯಾಪ್ತಿಗೆ ಬರುವ ಸಂಸ್ಥೆಗಳ ಕಟ್ಟಡಗಳಲ್ಲಿ ಗುಡಿಸುವ, ಒರೆಸುವ, ಧೂಳು ತೆಗೆಯುವ, ಕಾವಲು ಕಾಯುವ ಕೆಲಸಗಳಿಗೆ ಗುತ್ತಿಗೆ ಕಾರ್ಮಿಕರನ್ನು ಇಟ್ಟುಕೊಳ್ಳಕೂಡದು ಎಂಬುದೇ ಅದರ ಸಾರ. ಕಸ ದಿನವೂ ಬೀಳುತ್ತದೆ, ದಿನವೂ ಗುಡಿಸಬೇಕು. ದಿನವೂ ಇರುವ ಕೆಲಸಕ್ಕೆ ಕಾಯಂ ಮನುಷ್ಯ ಬೇಕು. ಇಷ್ಟು ಸರಳವಾದ ನ್ಯಾಯ ಅದು.

ನಡುವೆ ಬಂದವರು

1990ರ ದಶಕದಲ್ಲಿ ಗಾಳಿ ಬದಲಾಯಿತು. ಸರಕಾರಗಳು ಹೊಸ ನೇಮಕಾತಿ ನಿಲ್ಲಿಸಿದವು. ಊರುಗಳು ಮಾತ್ರ ಬೆಳೆಯುತ್ತಲೇ ಇದ್ದವು, ಕಸವೂ ಬೆಳೆಯಿತು. ನಿವೃತ್ತರಾದ ಪೌರಕಾರ್ಮಿಕರ ಜಾಗಕ್ಕೆ ಗುತ್ತಿಗೆದಾರರು ಬಂದರು. ಟೆಂಡರಿನಲ್ಲಿ ಯಾರು ಕಡಿಮೆ ಕೂಗುತ್ತಾರೋ ಅವರಿಗೆ ಕೆಲಸ. ಕಡಿಮೆಗೆ ಕೂಗಿದವನು ಲಾಭವನ್ನು ಎಲ್ಲಿಂದ ತರಬೇಕು? ಪೊರಕೆಯ ಬೆಲೆಯಿಂದಲ್ಲ, ಹಿಡಿದ ಕೈಯ ಕೂಲಿಯಿಂದ. ಕನಿಷ್ಠ ವೇತನದಲ್ಲಿ ಕಡಿತ, ಕಟ್ಟದ ಪಿ.ಎಫ್., ಸಿಗದ ಇ.ಎಸ್.ಐ. ಚೀಟಿ, ಪುಸ್ತಕದಲ್ಲಷ್ಟೇ ಹಾಜರಾಗುವ ಕೆಲಸಗಾರರ ಹೆಸರು: ಬೆಂಗಳೂರಿನ ಗುತ್ತಿಗೆ ಪೌರಕಾರ್ಮಿಕರು ವರ್ಷಗಟ್ಟಲೆ ಬೀದಿಯಲ್ಲಿ ಹೇಳಿದ ದೂರುಗಳಿವು. ಪಾಲಿಕೆಯನ್ನು ಕೇಳಿದರೆ 'ಅವರು ನಮ್ಮವರಲ್ಲ', ಗುತ್ತಿಗೆದಾರನನ್ನು ಕೇಳಿದರೆ 'ಪಾಲಿಕೆಯಿಂದ ಬಿಲ್ಲು ಬಂದಿಲ್ಲ'.

ಮುಂಬೈಯಲ್ಲಿ ಇನ್ನೂ ಜಾಣತನ ನಡೆಯಿತು. 1970ರ ಕಾಯಿದೆ ಅನ್ವಯವಾಗುವುದು 20 ಅಥವಾ ಹೆಚ್ಚು ಕಾರ್ಮಿಕರಿದ್ದಲ್ಲಿ. ಹಾಗಾಗಿ ಕೆಲಸವನ್ನು ಸಣ್ಣ ಸಣ್ಣ ತುಂಡು ಮಾಡಿ, ಒಬ್ಬೊಬ್ಬ ಗುತ್ತಿಗೆದಾರನ ಬಳಿ 20ಕ್ಕಿಂತ ಕಡಿಮೆ ಜನ ಇರುವಂತೆ ನೋಡಿಕೊಳ್ಳಲಾಯಿತು. ಕೊಳೆಗೇರಿಗಳ 'ದತ್ತಕ್ ವಸ್ತಿ' ಯೋಜನೆಯಲ್ಲಂತೂ ಕಸ ಎತ್ತುವವರನ್ನು ಕಾರ್ಮಿಕರೆಂದೇ ಕರೆಯಲಿಲ್ಲ. ಅವರು 'ಸ್ವಯಂಸೇವಕರು', ಅವರಿಗೆ ಕೊಡುವುದು ಕೂಲಿಯಲ್ಲ, 'ಗೌರವಧನ'. ಮತ್ತೆ ಹೆಸರು ದೊಡ್ಡದಾಯಿತು, ಕೈ ಬರಿದಾಯಿತು. ಅಲ್ಲಿನ ಕಚರಾ ವಾಹತುಕ್ ಶ್ರಮಿಕ ಸಂಘ ಇಂಥ ಗುತ್ತಿಗೆಯ ವಿರುದ್ಧ ವರ್ಷಗಟ್ಟಲೆ ಕಾದಾಡಿತು. 2017ರಲ್ಲಿ ಸುಪ್ರೀಂ ಕೋರ್ಟು ಸುಮಾರು 2,700 ಕಾರ್ಮಿಕರನ್ನು ಮುಂಬೈ ಪಾಲಿಕೆಯ ಕಾಯಂ ನೌಕರರೆಂದು ಒಪ್ಪಿತು.

ನ್ಯಾಯಾಲಯದ ದಾರಿಯೂ ನೇರವಾಗಿರಲಿಲ್ಲ. ಏರ್ ಇಂಡಿಯಾದಲ್ಲಿ ಗುತ್ತಿಗೆಯ ಮೇಲೆ ಗುಡಿಸುತ್ತಿದ್ದವರ ಮೊಕದ್ದಮೆಯಲ್ಲಿ 1996ರಲ್ಲಿ ಸುಪ್ರೀಂ ಕೋರ್ಟು, ಗುತ್ತಿಗೆ ನಿಷೇಧವಾದ ಕೆಲಸದಲ್ಲಿದ್ದವರನ್ನು ಸಂಸ್ಥೆಯೇ ನೌಕರರಾಗಿ ತೆಗೆದುಕೊಳ್ಳಬೇಕೆಂದಿತು. ಐದು ವರ್ಷ ಕಳೆಯುವುದರೊಳಗೆ, 2001ರ ಆಗಸ್ಟ್ 30ರಂದು, ಉಕ್ಕು ಪ್ರಾಧಿಕಾರದ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯದ ದೊಡ್ಡ ಪೀಠ ಆ ತೀರ್ಪನ್ನು ತಳ್ಳಿಹಾಕಿತು. 1976ರ ಅಧಿಸೂಚನೆಯೂ ರದ್ದಾಯಿತು. ಗುತ್ತಿಗೆಯೆಂಬುದು ಬರಿಯ ನಾಟಕ ಎಂದು ಕಾರ್ಮಿಕ ಸಾಬೀತು ಮಾಡಿದರೆ ಮಾತ್ರ ಅವನು ಸಂಸ್ಥೆಯ ನೌಕರ. ಹೆಬ್ಬೆಟ್ಟು ಒತ್ತುವವಳು ಕಾಗದದ ನಾಟಕವನ್ನು ಸಾಬೀತು ಮಾಡುವುದು ಹೇಗೆ? 2006ರ ಏಪ್ರಿಲ್ 10ರಂದು ಬಂದದ್ದು ನಮ್ಮ ರಾಜ್ಯದ್ದೇ ಉಮಾದೇವಿ ಪ್ರಕರಣ. ಹಿಂಬಾಗಿಲಿನಿಂದ ಬಂದ ತಾತ್ಕಾಲಿಕ ನೌಕರರು ಕಾಯಮಾತಿಯನ್ನು ಹಕ್ಕಾಗಿ ಕೇಳುವಂತಿಲ್ಲ ಎಂದಿತು ಐವರ ಪೀಠ. ಹತ್ತು ವರ್ಷ ದುಡಿದವರಿಗೆ ಒಮ್ಮೆ ಅವಕಾಶ ಕೊಡಿ ಎಂದೂ ಅದು ಹೇಳಿತ್ತು. ಆದರೆ ಕಚೇರಿಗಳು ಮೊದಲ ಮಾತನ್ನು ಬಾಯಿಪಾಠ ಮಾಡಿದವು, ಎರಡನೆಯದನ್ನು ಮರೆತವು.

ಸವಣೂರಿನಿಂದ ಬೆಂಗಳೂರಿಗೆ

2010ರ ಜುಲೈಯಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದ ಕೆಲವರು ಪುರಸಭೆಯ ಮುಂದೆ ತಮ್ಮ ಮೈಮೇಲೆ ತಾವೇ ಮಲ ಸುರಿದುಕೊಂಡರು. ನವಾಬರು ಆಳಿದ ಊರದು. ತಲೆಮಾರುಗಳಿಂದ ಊರಿನ ಹೊಲಸು ಎತ್ತಿದ ಕುಟುಂಬಗಳನ್ನು ಅವರಿದ್ದ ಜಾಗದಿಂದ ಎಬ್ಬಿಸಲು ಹೊರಟಿದ್ದರು. ಇರುವ ನೆಲ ಉಳಿಯಬೇಕು, ಪುರಸಭೆಯಲ್ಲಿ ಕಾಯಂ ಕೆಲಸ ಬೇಕು ಎಂಬುದು ಅವರ ಬೇಡಿಕೆ. 'ನೀವು ನಮ್ಮವರು' ಎಂಬ ಒಂದು ಮಾತನ್ನು ಪುರಸಭೆಯ ಬಾಯಿಂದ ಹೇಳಿಸಲು ಮನುಷ್ಯರು ಅಷ್ಟು ದೂರ ಹೋಗಬೇಕಾಯಿತು.

ಬೆಂಗಳೂರಿನಲ್ಲಿ ಸಂಘಟನೆಗಳ ಒತ್ತಾಯದ ಫಲವಾಗಿ 2018ರ ಜನವರಿಯಿಂದ ಪೌರಕಾರ್ಮಿಕರಿಗೆ ಪಾಲಿಕೆಯೇ ನೇರವಾಗಿ ಸಂಬಳ ಕೊಡತೊಡಗಿತು. ಗುತ್ತಿಗೆದಾರ ನಡುವಿನಿಂದ ಹೋದ. ಆದರೂ ಅವರು ಕಾಯಂ ಆಗಲಿಲ್ಲ, 'ನೇರ ಪಾವತಿ'ಯವರಾದರು. ಅತ್ತ ಗುತ್ತಿಗೆಯವರೂ ಅಲ್ಲ, ಇತ್ತ ನೌಕರರೂ ಅಲ್ಲ. 2022ರ ಜುಲೈ ಆರಂಭದಲ್ಲಿ ಸಾವಿರಾರು ಮಂದಿ ಪೊರಕೆ ಕೆಳಗಿಟ್ಟು ಫ್ರೀಡಂ ಪಾರ್ಕಿನಲ್ಲಿ ಕುಳಿತರು. ನಾಲ್ಕು ದಿನಗಳಲ್ಲಿ ಬೆಂಗಳೂರು ತನ್ನ ಕಸವನ್ನು ಕಣ್ಣಾರೆ ಕಂಡಿತು. ಸರಕಾರ ಕಾಯಮಾತಿಗೆ ಒಪ್ಪಿತು. 2025ರ ಮೇ 1ರಂದು, ಕಾರ್ಮಿಕ ದಿನದಂದೇ, 12 ಸಾವಿರಕ್ಕೂ ಹೆಚ್ಚು ಪೌರಕಾರ್ಮಿಕರಿಗೆ ಕಾಯಂ ನೇಮಕಾತಿಯ ಆದೇಶ ಪತ್ರ ಸಿಕ್ಕಿತು. ಅವರಲ್ಲಿ ಬಹುಪಾಲು ಹೆಂಗಸರು. ಇದು ಸಣ್ಣ ಗೆಲುವಲ್ಲ.

ಫರೀದಾಬಾದಿನಲ್ಲಿ ಕೇಂದ್ರ ಜಲ ಆಯೋಗದ ಕಚೇರಿ ಗುಡಿಸುತ್ತಿದ್ದ ಮೂವರು ಹೆಂಗಸರ ಮತ್ತು ಒಬ್ಬ ಮಾಲಿಯ ಕಥೆಯೂ ಇಲ್ಲಿ ಹೇಳತಕ್ಕದ್ದು. ಅವರು 1990ರ ದಶಕದಲ್ಲಿ ಸೇರಿದವರು. ಕಾಗದದಲ್ಲಿ 'ಅರೆಕಾಲಿಕ'ರು. 2018ರಲ್ಲಿ ಅವರನ್ನು ಮನೆಗೆ ಕಳಿಸಲಾಯಿತು. 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟು ಅವರನ್ನು ಮರಳಿ ತೆಗೆದುಕೊಂಡು ಕಾಯಂ ಮಾಡಲು ಹೇಳಿತು. ಉಮಾದೇವಿ ತೀರ್ಪನ್ನು ದುಡಿಯುವವರ ವಿರುದ್ಧ ಆಯುಧವಾಗಿ ಬಳಸುವುದು ತಪ್ಪು ಎಂಬ ಎಚ್ಚರಿಕೆಯೂ ಆ ತೀರ್ಪಿನಲ್ಲಿದೆ.

ಆದರೆ ಕಾನೂನಿನ ಗಾಳಿ ಒಂದೇ ದಿಕ್ಕಿಗೆ ಬೀಸುವುದಿಲ್ಲ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಗುತ್ತಿಗೆಯ ನಿಯಮಗಳು ಅನ್ವಯವಾಗಲು ಈಗ 20 ಅಲ್ಲ, 50 ಕಾರ್ಮಿಕರಿರಬೇಕು. ಸಂಸ್ಥೆಯ 'ಮೂಲ ಕೆಲಸ'ದಲ್ಲಿ ಗುತ್ತಿಗೆ ಕೂಡದು ಎನ್ನುವ ಸಂಹಿತೆ, ಯಾವುದು ಮೂಲ ಕೆಲಸವಲ್ಲ ಎಂಬುದಕ್ಕೆ ಒಂದು ಪಟ್ಟಿ ಕೊಡುತ್ತದೆ. ಸಂಸ್ಥೆ ಹುಟ್ಟಿದ್ದೇ ನೈರ್ಮಲ್ಯಕ್ಕಾಗಿ ಅಲ್ಲದಿದ್ದರೆ, ಆ ಪಟ್ಟಿಯ ಮೊದಲ ಹೆಸರೇ ಗುಡಿಸುವ, ಒರೆಸುವ, ಕಸ ಸಾಗಿಸುವ ಕೆಲಸ. 1976ರಲ್ಲಿ ಗುತ್ತಿಗೆ ಕೊಡಕೂಡದು ಎನ್ನಲು ಬರೆದ ಅದೇ ಪದಗಳು ಈಗ ಗುತ್ತಿಗೆ ಕೊಡಬಹುದು ಎನ್ನಲು ಬಂದಿವೆ.

ನಮ್ಮ ಸಹಿ

ಹಾಗಾದರೆ ನಮ್ಮ ಶಾಲೆ ಮಾಡಿದ್ದು ಕಾನೂನಿಗೆ ವಿರುದ್ಧವೇ? ಬಹುಶಃ ಅಲ್ಲ. ಮೂವರೇ ಕೆಲಸದವರಿರುವ ಸಣ್ಣ ಶಾಲೆಯತ್ತ ಗುತ್ತಿಗೆಯ ಕಾಯಿದೆ ಕಣ್ಣೆತ್ತಿ ನೋಡುವುದಿಲ್ಲ. ಏಜೆನ್ಸಿಯಿಂದ ಲಾಭವೇ ಇಲ್ಲವೆಂದೂ ನಾವು ಹೇಳುತ್ತಿಲ್ಲ. ಒಬ್ಬಳು ಬಾರದಿದ್ದರೆ ಇನ್ನೊಬ್ಬಳು ಬರುತ್ತಾಳೆ, ಕಾರ್ಯದರ್ಶಿಗಳ ಮೇಜಿನ ಮೇಲೆ ಕಡತ ಕಡಿಮೆಯಾಗುತ್ತದೆ. ಕಡಿಮೆ ಆದಾಯದ ಸಂಸ್ಥೆಗೆ ಅದೂ ಒಂದು ನೆಮ್ಮದಿ. ಆದರೆ ಲೆಕ್ಕ ಬಿಡಿಸಿ ನೋಡಿದಾಗ ನಮಗೆ ಕಂಡದ್ದಿಷ್ಟು: ಶಾಲೆ ಮೊದಲು ಕೊಡುತ್ತಿದ್ದಷ್ಟೇ ಹಣ ಈಗಲೂ ಹೋಗುತ್ತಿದೆ. ಅದರಲ್ಲಿ ಒಂದು ಪಾಲು ಏಜೆನ್ಸಿಗೆ, ಉಳಿದದ್ದು ಆ ಹೆಂಗಸರಿಗೆ. ನಮಗೆ ಉಳಿದದ್ದು ಹಣವಲ್ಲ, ಹೊಣೆ. ಹೊಣೆಯಿಂದ ತಪ್ಪಿಸಿಕೊಳ್ಳಲು ಆಕೆಯ ಕೂಲಿಯಿಂದಲೇ ಶುಲ್ಕ ಕಟ್ಟಿದೆವು. ಆ ಹೆಬ್ಬೆಟ್ಟಿನ ಕಾಗದದ ಜೊತೆಗೆ 18 ವರ್ಷಗಳ ಗ್ರಾಚ್ಯುಟಿಯ ಮಾತೂ ಕಪಾಟಿನೊಳಗೆ ಹೋಯಿತು.

ಕಳೆದ ಸಭೆಯಲ್ಲಿ ನಾವು ಈ ವಿಷಯ ಎತ್ತಿದೆವು. ಮೂವರನ್ನೂ ಮತ್ತೆ ಶಾಲೆಯ ನೌಕರರಾಗಿ ತೆಗೆದುಕೊಳ್ಳಬೇಕು, ಹಳೆಯ ವರ್ಷಗಳನ್ನು ಎಣಿಸಬೇಕು ಎಂದೆವು. ಇಬ್ಬರು ತಲೆಯಾಡಿಸಿದರು, ಒಬ್ಬರು ಗಡಿಯಾರ ನೋಡಿದರು. 'ಮುಗಿದುಹೋದದ್ದನ್ನು ಯಾಕೆ ಕೆದಕುತ್ತೀರಿ ಭಾಯಿ?' ಎಂದರು ಕಾರ್ಯದರ್ಶಿಗಳು. ವಿಷಯವನ್ನು ಮುಂದಿನ ಸಭೆಗೆ ಇಡಲಾಗಿದೆ.

ಅಷ್ಟರಲ್ಲಿ ಆ ಹಿರಿಯಳಿಗೆ ಅರವತ್ತು ತುಂಬುತ್ತದೆ. ಮೊನ್ನೆ ಗೇಟಿನ ಬಳಿ ಸಿಕ್ಕಾಗ ಆಕೆ ಏನನ್ನೂ ಕೇಳಲಿಲ್ಲ. ನಾವೇ ನಿಂತು ಹೇಳಿದೆವು: 'ಅವತ್ತು ಕೇಳಿದ್ದೆಯಲ್ಲಮ್ಮ, ಧಣಿ ಯಾರು ಅಂತ. ನಾವೇ. ಸಹಿ ಹಾಕಿದವರು ನಾವೇ.' ಆಕೆ ನಮ್ಮ ಮುಖವನ್ನೊಮ್ಮೆ ನೋಡಿದಳು. 'ಹಂಗಾದ್ರೆ ಒಂದು ಕಾಗ್ದದಾಗೆ ಬರ್ದು ಕೊಡ್ರಿ ಸಾಹೇಬ್ರೆ' ಎಂದು ಪೊರಕೆ ಎತ್ತಿಕೊಂಡಳು.